ಬೆಲ್ಲವನ್ನು ಮತ್ತೆ ಕಬ್ಬಿನ ಹಾಲು ಮಾಡಬಹುದೇ? ಹಳೆಯ ಆಲ್ಬಮ್‌ಗಳ ಸರೌಂಡ್ ಅವತಾರದ ಬಗ್ಗೆ

ಪ್ರಶ್ನೆ: ಮಂಡ್ಯದ ನಮ್ಮ ಮನೆಗೆ ಈಚೆಗೆ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಹೋಂ ಥಿಯೇಟರ್ ತಂದಿದ್ದೇನೆ. ಹಳೆಯ ಇಂಗ್ಲಿಷ್ ಆಲ್ಬಮ್‌ಗಳು ‘ರೀಮಾಸ್ಟರ್’, ‘ರೀಮಿಕ್ಸ್’, ‘ಅಟ್ಮಾಸ್’ ಎಂದು ಹೊಸ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿವೆ. ಐವತ್ತು ವರ್ಷದ ಹಿಂದೆ ಎರಡು ಸ್ಪೀಕರ್‌ಗೆ ಮಾಡಿದ ಹಾಡನ್ನು ಐದಾರು ಸ್ಪೀಕರ್‌ಗೆ ಹೇಗೆ ಹಂಚುತ್ತಾರೆ? ಇದು ನಿಜವಾದ ಕೆಲಸವೋ, ಬರೀ ಮಾರಾಟದ ದಾರಿಯೋ? ನಮ್ಮ ತಂದೆಯವರ ಭಾವಗೀತೆ ಕ್ಯಾಸೆಟ್‌ಗಳು, ಹಳೆಯ ಚಿತ್ರಗೀತೆಗಳು ಹೀಗೆ ಬರಬಹುದೇ?

ಉತ್ತರ: ಆಲೆಮನೆ ನೋಡಿಯೇ ಬೆಳೆದವರು ನೀವು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಕುದಿದು ಪಾಕ ಬಂದ ಮೇಲೆ ಅಚ್ಚಿಗೆ ಹೋಗಿ ಬೆಲ್ಲ ಆಗುತ್ತದೆ. ಆ ಅಚ್ಚು ಬೆಲ್ಲ ಕೈಗೆ ಕೊಟ್ಟು, ‘ಇದರಲ್ಲಿ ಕೆರೆ ಕೆಳಗಿನ ಗದ್ದೆಯದ್ದು ಯಾವುದು, ಮೇಲಿನ ಹೊಲದ್ದು ಯಾವುದು, ಬೇರೆ ಮಾಡಿಕೊಡಿ’ ಅಂದರೆ ಯಾರಿಂದಲೂ ಆಗದು.

ಹಾಡಿನ ರೆಕಾರ್ಡಿಂಗ್‌ನಲ್ಲೂ ಹೀಗೇ ಎರಡು ಹಂತ ಇದೆ. ಮೊದಲು ಗಾಯನ, ಗಿಟಾರು, ಡ್ರಮ್, ಪಿಟೀಲು ಎಲ್ಲ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಕೂತಿರುತ್ತವೆ. ಅದು ಮಲ್ಟಿಟ್ರ್ಯಾಕ್ ಟೇಪು. ಅದು ಕಬ್ಬಿನ ಹಾಲು. ಅದನ್ನೆಲ್ಲ ಹದವಾಗಿ ಬೆರೆಸಿ ಎಡ, ಬಲ ಎಂದು ಎರಡೇ ಟ್ರ್ಯಾಕ್‌ಗೆ ಇಳಿಸಿದ್ದು ಸ್ಟೀರಿಯೊ ಮಾಸ್ಟರ್. ಅದು ಬೆಲ್ಲ. ನಿಮ್ಮ ಪ್ಲೇಟು, ಕ್ಯಾಸೆಟ್ಟು, ಸಿಡಿ ಎಲ್ಲಕ್ಕೂ ಹೋಗಿದ್ದು ಬೆಲ್ಲವೇ.

ರೀಮಾಸ್ಟರ್ ಎಂದರೆ ಆ ಬೆಲ್ಲವನ್ನೇ ಮತ್ತೆ ಕೈಗೆತ್ತಿಕೊಂಡು ಚೊಕ್ಕ ಮಾಡುವುದು. ಹಿಸ್, ಅಂದರೆ ಟೇಪಿನ ಸುಯ್ ಎನ್ನುವ ಸದ್ದು, ಕಡಿಮೆ ಮಾಡಬಹುದು, ಮಂದ್ರವನ್ನೋ ತಾರವನ್ನೋ ಸ್ವಲ್ಪ ಎತ್ತಬಹುದು, ಒಟ್ಟು ಜೋರನ್ನು ಸರಿಪಡಿಸಬಹುದು. ಗಾಯಕರ ದನಿಯನ್ನು ಮಾತ್ರ ಹಿಡಿದು ಹಿಂದಿನ ಸ್ಪೀಕರ್‌ಗೆ ಕಳಿಸಲು ಆಗದು. ರೀಮಿಕ್ಸ್ ಎಂದರೆ ಕಬ್ಬಿನ ಹಾಲಿನವರೆಗೆ ವಾಪಸ್ ಹೋಗಿ ಹೊಸದಾಗಿ ಪಾಕ ತೆಗೆಯುವುದು. ನಮ್ಮಲ್ಲಿ ರೀಮಿಕ್ಸ್ ಅಂದ ಕೂಡಲೇ ಹಳೆ ಹಾಡಿಗೆ ಹೊಸ ಬೀಟ್ ಹಾಕಿ ಕುಣಿಸುವುದು ಅಂತ ಜನ ತಿಳಿಯುತ್ತಾರೆ. ಇಲ್ಲಿ ಆ ಅರ್ಥ ಅಲ್ಲ. ಒಂದು ಸ್ವರವನ್ನೂ ಹೊಸದಾಗಿ ಸೇರಿಸುವ ಹಾಗಿಲ್ಲ. ಇರುವುದನ್ನೇ ಮತ್ತೆ ಬೆರೆಸಬೇಕು.

ಹಾಗಾಗಿ ನಿಮ್ಮ ಪ್ರಶ್ನೆಗೆ ಮೊದಲ ಉತ್ತರ ಇಷ್ಟು: ಮಲ್ಟಿಟ್ರ್ಯಾಕ್ ಟೇಪು ಉಳಿದಿದ್ದರೆ ಸರೌಂಡ್, ಅಂದರೆ ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುವುದು, ನಿಜವಾದ ಕೆಲಸ. ಉಳಿಯದಿದ್ದರೆ ಬಹುತೇಕ ಬಣ್ಣ ಬಳಿಯುವ ಕೆಲಸ. ‘ಕಸ್ತೂರಿ ನಿವಾಸ’ 1971ರಲ್ಲಿ ಕಪ್ಪು ಬಿಳುಪಿನಲ್ಲಿ ಬಂತು, 2014ರಲ್ಲಿ ಬಣ್ಣದಲ್ಲಿ ಬಂತು. ಆ ಬಣ್ಣ ಮೂಲ ಫಿಲ್ಮಿನಲ್ಲಿ ಇರಲಿಲ್ಲ, ಈಗಿನವರು ಊಹಿಸಿ ಹಾಕಿದ್ದು. ಎರಡು ಟ್ರ್ಯಾಕಿನ ಹಾಡನ್ನು ಸಾಫ್ಟ್‌ವೇರ್‌ಗೆ ಕೊಟ್ಟು ಐದು ಮಾಡಿಸಿದರೂ ಹಾಗೆಯೇ. ನಮ್ಮ ಕಸುಬಿನಲ್ಲಿ ಅದಕ್ಕೆ ಅಪ್‌ಮಿಕ್ಸ್ ಅನ್ನುತ್ತೇವೆ.

ಈಗ ನಿಜವಾದ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಇದರಲ್ಲಿ ಹೆಚ್ಚು ಹೊತ್ತು ಹೋಗುವುದು ಮಿಕ್ಸಿಂಗ್‌ನಲ್ಲಿ ಅಲ್ಲ, ಟೇಪಿನಲ್ಲಿ. 1970ರ ದಶಕದ ನಡುಭಾಗದಿಂದ ಬಂದ ಹಲವು ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿಕೊಳ್ಳುತ್ತದೆ. ವರ್ಷ ಕಳೆದಂತೆ ಟೇಪು ಜಿಗುಟಾಗುತ್ತದೆ. ಹಾಗೇ ಓಡಿಸಿದರೆ ಟೇಪನ್ನು ಓದುವ ಯಂತ್ರದ ಹೆಡ್ಡಿಗೆ ಕಂದು ಬಣ್ಣದ ಅಂಟು ಮೆತ್ತಿಕೊಳ್ಳುತ್ತದೆ. ಅದು ಬರೀ ಕೊಳೆ ಅಲ್ಲ, ಅದೇ ಹಾಡು. ಇಂಥ ಟೇಪನ್ನು ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಏರದೆ ಇಳಿಯದೆ, ಹಲವು ಗಂಟೆ ಇಡುತ್ತಾರೆ. ತೇವ ಆರಿ, ಅಂಟು ಕೆಲವು ವಾರಗಳ ಮಟ್ಟಿಗೆ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಅದನ್ನು ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಎಲ್ಲ ಟೇಪಿಗೂ ಈ ಮದ್ದು ಹೊಂದುವುದಿಲ್ಲ. ಇನ್ನೂ ಹಳೆಯ ಅಸಿಟೇಟ್ ಟೇಪನ್ನು ಬಿಸಿ ಮಾಡಿದರೆ ಅದು ಹಾಳೇ ಆಗುತ್ತದೆ.

ವರ್ಷಗಳ ಹಿಂದೆ ಮೈಸೂರಿನ ಅಗ್ರಹಾರದ ಒಂದು ಮನೆಯಿಂದ ಸ್ಪೂಲ್ ಟೇಪ್ ಒಂದು ನನ್ನ ಕೈಗೆ ಬಂತು. ಮನೆಯ ಹಿರಿಯರು ವೀಣೆ ನುಡಿಸಿದ್ದು. ಅಟ್ಟದ ಮೇಲೆ ಎಷ್ಟೋ ಮಳೆಗಾಲ ಕಂಡಿತ್ತು. ಅದಕ್ಕೂ ಮೊದಲು ಯಾರೋ ಪ್ರೀತಿಯಿಂದಲೇ, ಕೇಳಬೇಕು ಎನ್ನುವ ಆಸೆಯಿಂದಲೇ ಅದನ್ನು ಒಮ್ಮೆ ಹಾಕಿ ನೋಡಿದ್ದರು. ಮೊದಲ ಏಳೆಂಟು ನಿಮಿಷದ ಆಲಾಪನೆ ಕಿತ್ತುಹೋಗಿತ್ತು. ಉಳಿದದ್ದನ್ನು ಉಳಿಸಿಕೊಟ್ಟೆವು. ಆ ಏಳೆಂಟು ನಿಮಿಷದ ನೋವು ನನಗೆ ಇವತ್ತಿಗೂ ಇದೆ.

ಟೇಪು ಓಡುವ ಸ್ಥಿತಿಗೆ ಬಂದ ಮೇಲೆ ಯಂತ್ರವನ್ನು ಅದಕ್ಕೆ ಹೊಂದಿಸಬೇಕು. ಆಗಿನ ಎಂಜಿನಿಯರ್‌ಗಳು ಟೇಪಿನ ಶುರುವಿನಲ್ಲಿ ಅಳತೆಯ ಸ್ವರಗಳನ್ನು ತುಂಬಿರುತ್ತಿದ್ದರು. ಅವನ್ನು ನೋಡಿ ಹೆಡ್ಡಿನ ಕೋನ, ಮಟ್ಟ ಎಲ್ಲ ಸರಿ ಮಾಡಿಕೊಳ್ಳುತ್ತಾರೆ. ಡಾಲ್ಬಿ ಎ ಎಂಬ ಸದ್ದು ತಗ್ಗಿಸುವ ವಿಧಾನದಲ್ಲಿ ರೆಕಾರ್ಡ್ ಆಗಿದ್ದರೆ, ಕೇಳುವಾಗ ಅದನ್ನು ಬಿಡಿಸಬೇಕು. ಮರೆತರೆ ತಾಳದ ಸದ್ದು ಚುರ್ ಅಂತ ಕಿವಿ ಚುಚ್ಚುತ್ತದೆ. ‘ಆಹಾ, ಎಷ್ಟು ಸ್ಪಷ್ಟ’ ಎಂದು ಮೆಚ್ಚಿಸಿಕೊಂಡ ಕೆಲವು ಮರುಬಿಡುಗಡೆಗಳಲ್ಲಿ ನನಗೆ ಕೇಳಿಸಿದ್ದು ಈ ತಪ್ಪೇ.

ಆಮೇಲೆ ಬರುವುದು ನನಗೆ ತುಂಬ ಗೌರವ ಇರುವ ಕೆಲಸ. ಸರೌಂಡ್ ಮಾಡುವ ಮೊದಲು ಹಳೆಯ ಸ್ಟೀರಿಯೊ ಮಿಕ್ಸನ್ನೇ ಮತ್ತೆ ಕಟ್ಟಬೇಕು. ಮಲ್ಟಿಟ್ರ್ಯಾಕ್‌ನಲ್ಲಿ ಇರುವುದು ಹಸಿ ಸಾಮಾನು. ದನಿಗೆ ಸೇರಿಸಿದ ಅನುರಣನ (ರಿವರ್ಬ್, ದನಿಯ ಮೊಳಗು) ಅದರಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಆ ಕಾಲದಲ್ಲಿ ದೊಡ್ಡ ಉಕ್ಕಿನ ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಅದು ಕಂಪಿಸುವುದನ್ನು ಹಿಡಿದು ಅನುರಣನ ಮಾಡುತ್ತಿದ್ದರು. ಅಂಥದ್ದೇ ಹಾಳೆಯನ್ನೋ, ಅದರ ಡಿಜಿಟಲ್ ಪ್ರತಿಯನ್ನೋ ಹುಡುಕಬೇಕು. ಒಂದು ಚರಣ ಮೊದಲ ಟೇಕಿನದ್ದು, ಇನ್ನೊಂದು ಐದನೆಯದ್ದು ಇರಬಹುದು. ಕೊನೆಗೆ ಹಾಡು ಎಷ್ಟು ಸೆಕೆಂಡಿಗೆ ಮರೆಯಾಗುತ್ತದೆ, ಎಡಗಡೆಯ ಗಿಟಾರು ಯಾವ ಮಾತಿನ ಮೇಲೆ ಸ್ವಲ್ಪ ಎದ್ದಿತ್ತು, ಎಲ್ಲವನ್ನೂ ಹಳೆಯ ಪ್ಲೇಟಿನ ಪಕ್ಕ ಇಟ್ಟು ಹೋಲಿಸಬೇಕು.

ಹಳೆಯ ಆಲ್ಬಮ್‌ಗಳನ್ನು ರೀಮಿಕ್ಸ್ ಮಾಡುವ ಇಂಗ್ಲೆಂಡಿನ ಸಂಗೀತಗಾರ ಸ್ಟೀವನ್ ವಿಲ್ಸನ್ ಕೆಲಸ ಮಾಡುವುದು ಹೀಗೆ. ಕಿಂಗ್ ಕ್ರಿಮ್ಸನ್ ಎಂಬ ರಾಕ್ ತಂಡದ 1969ರ ಮೊದಲ ಆಲ್ಬಮ್ಮಿಗೆ ನಲವತ್ತು ತುಂಬಿದಾಗ, 2009ರಲ್ಲಿ, ಅದರ 5.1 ರೂಪ ಬಂತು. ಆಮೇಲೆ ಜೆತ್ರೊ ಟಲ್, ಯೆಸ್ ಮುಂತಾದವರ ಆಲ್ಬಮ್‌ಗಳನ್ನೂ ಅವರು ಮಾಡಿದರು. ಮೂಲಕ್ಕೆ ಹತ್ತಿರದ ಸ್ಟೀರಿಯೊ ಮೊದಲು, ಅದನ್ನು ಬಿಡಿಸಿ ಸುತ್ತ ಹರಡುವುದು ಆಮೇಲೆ. ನನಗೆ ಈ ಕ್ರಮ ಸರಿ ಅನ್ನಿಸುತ್ತದೆ. ಜನ ನಲವತ್ತು ಐವತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡ ಹಾಡು ಅದು. ಮೊದಲು ಅದರ ಹದ ಕೈಗೆ ಸಿಗಬೇಕು ಅಲ್ವಾ?

ಟ್ರ್ಯಾಕ್ ಕಡಿಮೆ ಇದ್ದರೆ ಕಷ್ಟ ಜಾಸ್ತಿ. ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ ಆದದ್ದು. ನಾಲ್ಕೂ ತುಂಬಿದ ಮೇಲೆ ಅವನ್ನು ಬೆರೆಸಿ ಇನ್ನೊಂದು ಟೇಪಿನ ಒಂದೆರಡು ಟ್ರ್ಯಾಕ್‌ಗೆ ಇಳಿಸುತ್ತಿದ್ದರು. ಖಾಲಿ ಉಳಿದ ಟ್ರ್ಯಾಕ್‌ಗಳಲ್ಲಿ ಮುಂದಿನ ವಾದ್ಯ. ಅಂದರೆ ಅಲ್ಲಿಯೇ ಅರ್ಧ ಪಾಕ ಆಗಿಬಿಡುತ್ತಿತ್ತು. 2017ರಲ್ಲಿ ಆಲ್ಬಮ್ಮಿಗೆ ಐವತ್ತು ತುಂಬಿದಾಗ ಹೊಸ ಸ್ಟೀರಿಯೊ ಮತ್ತು 5.1 ಮಾಡಿದವರು ಜೈಲ್ಸ್ ಮಾರ್ಟಿನ್. ಮೂಲ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ. ಬೆರೆಸಿ ಇಳಿಸುವ ಮೊದಲಿನ ಟೇಪುಗಳು ಉಳಿದಿದ್ದವು. ಅವನ್ನೇ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದು ತಾಳೆ ಮಾಡಿ ಕೂರಿಸಿದರು. ರಿಂಗೊ ಅವರ ಡ್ರಮ್ ಅಷ್ಟು ಮೈತುಂಬಿ ಕೇಳುವುದಕ್ಕೆ ಇದೇ ಕಾರಣ.

ಇಷ್ಟೆಲ್ಲ ಬೆಲ್ಲ, ಕಬ್ಬಿನ ಹಾಲು ಎಂದ ಮೇಲೆ ಒಂದು ಮಾತು ತಿದ್ದಲೇಬೇಕು. ಈಗ ಬೆಲ್ಲವನ್ನೂ ಸ್ವಲ್ಪ ಮಟ್ಟಿಗೆ ಬಿಡಿಸಬಹುದು. ಬೀಟಲ್ಸ್ ಕುರಿತ ಸಾಕ್ಷ್ಯಚಿತ್ರ ಮಾಡುವಾಗ ಪೀಟರ್ ಜಾಕ್ಸನ್ ಅವರ ತಂಡ, ಒಂದೇ ಟ್ರ್ಯಾಕಿನಲ್ಲಿ ಬೆರೆತ ದನಿ ಮತ್ತು ವಾದ್ಯಗಳನ್ನು ಕಂಪ್ಯೂಟರಿಗೆ ಗುರುತು ಹಿಡಿಯಲು ಕಲಿಸಿ ಬೇರೆ ಮಾಡಿತು. ಅದೇ ವಿದ್ಯೆಯಿಂದ 2022ರಲ್ಲಿ ‘ರಿವಾಲ್ವರ್’ ಆಲ್ಬಮ್ಮಿನ ಹೊಸ ಮಿಕ್ಸ್ ಬಂತು. 2023ರಲ್ಲಿ ಜಾನ್ ಲೆನನ್ ಪಿಯಾನೊ ಜೊತೆ ಹಾಡಿಕೊಂಡಿದ್ದ ಹಳೆಯ ಕ್ಯಾಸೆಟ್ಟಿನಿಂದ ಬರೀ ದನಿಯನ್ನು ಎತ್ತಿ ಒಂದು ಹಾಡನ್ನೇ ಪೂರ್ತಿ ಮಾಡಿದರು. ಕೇಳಿದಾಗ ಮೈ ಜುಮ್ ಅಂದಿತು. ಆದರೆ ನಮ್ಮ ಕೈಗೆ ಸಿಗುವ ಸಾಮಾನ್ಯ ಸಾಫ್ಟ್‌ವೇರ್ ಅಷ್ಟು ಚೊಕ್ಕವಾಗಿ ಮಾಡುವುದಿಲ್ಲ. ದನಿಯ ಅಂಚಿನಲ್ಲಿ ನೀರಿನೊಳಗಿಂದ ಬಂದ ಹಾಗೆ ಒಂದು ಗುಳುಗುಳು ಉಳಿಯುತ್ತದೆ. ತಂಬೂರಿ ಇರುವ ಹಾಡಿನಲ್ಲಿ ಇನ್ನೂ ಕಷ್ಟ. ತಂಬೂರಿಯ ನಾದ ಎಲ್ಲದರೊಳಗೂ ಹರಡಿಕೊಂಡಿರುತ್ತದೆ. ಅದನ್ನು ಕೀಳಲು ಹೋದರೆ ಗಾಯಕರ ದನಿಯೂ ಕೀಳುತ್ತದೆ.

ಇನ್ನು ಹಿಂದಿನ ಸ್ಪೀಕರ್‌ಗಳಲ್ಲಿ ಏನು ಇಡಬೇಕು? ಇಲ್ಲಿ ಎರಡು ಪಂಥ ಇವೆ. ಒಂದು ಪಂಥ ನಿಮ್ಮನ್ನು ಸಭಿಕರ ಸಾಲಿನಲ್ಲಿ ಕೂರಿಸುತ್ತದೆ. ಇನ್ನೊಂದು ವೇದಿಕೆ ಮೇಲೆ, ಹಾಡುವವರ ನಡುವೆ ಕೂರಿಸುತ್ತದೆ. ದಸರೆಯಲ್ಲಿ ಅರಮನೆ ಮುಂದೆ ಕಛೇರಿ ಕೇಳಿದ್ದೀರಾ? ಹಾಡು ಮುಂದಿನಿಂದ ಬರುತ್ತದೆ. ಚಪ್ಪಾಳೆ ಹಿಂದಿನಿಂದ, ಅಕ್ಕಪಕ್ಕದಿಂದ ಏಳುತ್ತದೆ. ಆ ಬಯಲಿನ ಅಗಲ ಕಿವಿಗೆ ತಿಳಿಯುತ್ತದೆ. ಕಛೇರಿ ಸಂಗೀತಕ್ಕೆ ಹಿಂದಿನ ಸ್ಪೀಕರ್ ಮಾಡಬೇಕಾದ್ದು ಇಷ್ಟೇ. ಅಲ್ಲಿ ಮೃದಂಗ ತಂದು ಬೆನ್ನ ಹಿಂದೆ ಇಟ್ಟರೆ ನನಗೆ ಸರಿಬರುವುದಿಲ್ಲ. ಆದರೆ ಭಜನೆ ಮನೆಯಲ್ಲಿ ಸುತ್ತ ಕೂತು ಹಾಡುವಾಗ ಒಬ್ಬರ ತಾಳ ಬಲಕ್ಕೆ, ಇನ್ನೊಬ್ಬರ ದನಿ ಬೆನ್ನಿಗೆ ಕೇಳುವುದೇ ಸುಖ. ಅಂಥ ಹಾಡಿಗೆ ನಡುವೆ ಕೂರಿಸುವ ಮಿಕ್ಸೇ ಸರಿ. ಯಾವ ಪಂಥ ಎಂಬುದನ್ನು ಹಾಡು ಹೇಳಬೇಕು, ಸ್ಪೀಕರ್ ಹೇಳಬಾರದು.

ಕೆಲವು ಆಲ್ಬಮ್‌ಗಳು ಹುಟ್ಟುವಾಗಲೇ ಸುತ್ತಲಿನ ಕನಸು ಕಂಡಿದ್ದವು. 1970ರ ದಶಕದಲ್ಲಿ ನಾಲ್ಕು ಸ್ಪೀಕರ್‌ಗಳ ಕ್ವಾಡ್ರಾಫೋನಿಕ್ ಬಂದಿತ್ತು. ಪಿಂಕ್ ಫ್ಲಾಯ್ಡ್‌ನ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕೇಳಿದವರಿಗೆ ಅದರ ಗಡಿಯಾರಗಳ ಗಲಾಟೆ ನೆನಪಿರುತ್ತದೆ. ಆ ಗಡಿಯಾರಗಳನ್ನು ಎಂಜಿನಿಯರ್ ಅಲನ್ ಪಾರ್ಸನ್ಸ್ ಮೊದಲು ರೆಕಾರ್ಡ್ ಮಾಡಿಕೊಂಡಿದ್ದು ಕ್ವಾಡ್ ಪರೀಕ್ಷೆಗೆ. ಆಲ್ಬಮ್ಮಿನ ಕ್ವಾಡ್ ಮಿಕ್ಸನ್ನೂ ಅವರೇ ಮಾಡಿದರು. 2003ರ 5.1 ಮಾತ್ರ ಜೇಮ್ಸ್ ಗತ್ರಿ ಅವರದು. ಎರಡನ್ನೂ ಇಷ್ಟಪಡುವವರಿದ್ದಾರೆ. ನನ್ನ ಒಲವು ಕ್ವಾಡ್ ಕಡೆಗೆ, ಅದರಲ್ಲಿ ಧೈರ್ಯ ಜಾಸ್ತಿ. ಕ್ವಾಡ್ ಸೋತಿದ್ದು ಸಂಗೀತದ ತಪ್ಪಿನಿಂದ ಅಲ್ಲ. ಎಸ್‌ಕ್ಯೂ, ಕ್ಯೂಎಸ್, ಸಿಡಿ-4 ಎಂದು ಒಂದಕ್ಕೊಂದು ಹೊಂದದ ಪದ್ಧತಿಗಳನ್ನು ಕಂಪನಿಗಳು ಪೈಪೋಟಿಯಲ್ಲಿ ತಂದವು. ಒಂದರ ಪ್ಲೇಟು ಇನ್ನೊಂದರ ಯಂತ್ರದಲ್ಲಿ ಸರಿಯಾಗಿ ಬಿಡಿಸಿಕೊಳ್ಳುತ್ತಿರಲಿಲ್ಲ. ಮುಂದೆ ಸರೌಂಡ್ ಹಾಡು ಹಿಡಿಸುವ ಡಿಸ್ಕ್‌ಗಳಾದ ಎಸ್‌ಎಸಿಡಿ 1999ರಲ್ಲಿ, ಡಿವಿಡಿ-ಆಡಿಯೊ 2000ದಲ್ಲಿ ಬಂದಾಗಲೂ ಇದೇ ಜಗಳ ನಡೆಯಿತು.

ಅಟ್ಮಾಸ್ ಸ್ವಲ್ಪ ಬೇರೆ. 2012ರಲ್ಲಿ ಸಿನಿಮಾಕ್ಕೆ ಬಂದದ್ದು. ಇದರಲ್ಲಿ ‘ಈ ದನಿ ಹಿಂದಿನ ಎಡ ಸ್ಪೀಕರ್‌ಗೆ’ ಎಂದು ಬರೆಯುವುದರ ಬದಲು, ‘ಈ ದನಿ ಕೋಣೆಯ ಈ ಜಾಗದಲ್ಲಿ’ ಎಂದು ಬರೆದಿಡಬಹುದು. ನಿಮ್ಮಲ್ಲಿ ಎಷ್ಟು ಸ್ಪೀಕರ್ ಇವೆ ಎಂದು ನೋಡಿಕೊಂಡು ಯಂತ್ರವೇ ಹಂಚುತ್ತದೆ. ಹೆಡ್‌ಫೋನಿನಲ್ಲಾದರೆ ಎರಡೇ ಕಿವಿಗೆ ಆ ಭ್ರಮೆ ಕಟ್ಟಿಕೊಡುತ್ತದೆ. ಇದರಿಂದ ಇನ್ನೊಂದು ಒಳ್ಳೆಯದಾಯಿತು. ಅಟ್ಮಾಸ್ ಸಂಗೀತದ ಸರಾಸರಿ ಜೋರು, ಜೋರು ಅಳೆಯುವ ಎಲ್‌ಯುಎಫ್‌ಎಸ್ ಎಂಬ ಮಾನದಲ್ಲಿ, ಮೈನಸ್ 18ನ್ನು ದಾಟಬಾರದು ಎಂಬ ಕಟ್ಟಳೆ ಇದೆ. ಸಿಡಿ ಕಾಲದ ಕೊನೆಕೊನೆಗೆ ಎಲ್ಲರೂ ಜೋರು ಮಾಡಿ ಮಾಡಿ, ಹಾಡಿನ ಮೆಲುದನಿ ಗಟ್ಟಿದನಿ ಎಲ್ಲ ಒಂದೇ ಎತ್ತರಕ್ಕೆ ಬಂದಿದ್ದವು. ಈ ಕಟ್ಟಳೆಯಿಂದ ಹಾಡಿಗೆ ಮತ್ತೆ ಉಸಿರಾಡಲು ಜಾಗ ಸಿಕ್ಕಿತು. ಆದರೆ 2021ರಲ್ಲಿ ಆಪಲ್ ಮ್ಯೂಸಿಕ್ ಅಟ್ಮಾಸ್ ತೆರೆದ ಮೇಲೆ ಅವಸರದಲ್ಲಿ ಮಾಡಿದ ಮಿಕ್ಸ್‌ಗಳೂ ಬಂದವು. ಹಳೆಯ ಹಾಡಿನ ಹದ ಗೊತ್ತಿಲ್ಲದವರು ಗಾಯಕರನ್ನು ದೂರಕ್ಕೆ ತಳ್ಳಿ, ಎಲ್ಲವನ್ನೂ ತೆಳ್ಳಗೆ ಮಾಡಿಬಿಟ್ಟ ಉದಾಹರಣೆಗಳು ಸಾಕಷ್ಟಿವೆ.

ಅಸಲಿ ಯಾವುದು, ಅಪ್‌ಮಿಕ್ಸ್ ಯಾವುದು ಎಂದು ಮನೆಯಲ್ಲೇ ತಿಳಿಯಬಹುದು. ಮುಂದಿನ ಮೂರು ಸ್ಪೀಕರ್‌ಗಳ ತಂತಿ ಬಿಚ್ಚಿ, ಹಿಂದಿನ ಎರಡನ್ನು ಮಾತ್ರ ಕೇಳಿ. ಯಂತ್ರ ಆಫ್ ಮಾಡಿಯೇ ತಂತಿ ಮುಟ್ಟಿ. ಅಲ್ಲಿ ಒಂದು ಗಿಟಾರೋ, ಸಹಗಾಯನವೋ, ಸಭಾಂಗಣದ ಸದ್ದೋ ಬೇರೆಯಾಗಿ, ಸ್ವಚ್ಛವಾಗಿ ಕೇಳಿದರೆ ಅದು ಟೇಪಿನಿಂದ ಬಂದ ಕೆಲಸ. ಇಡೀ ಹಾಡೇ ಬಾವಿಯೊಳಗಿಂದ ಬಂದ ಹಾಗೆ ಮಸುಕಾಗಿ ಕೇಳಿದರೆ ಅದು ಸುಮ್ನೆ ಹಂಚಿದ್ದು. ಜೊತೆಗೆ ಡಬ್ಬದ ಮೇಲೆ ಮಿಕ್ಸ್ ಮಾಡಿದವರ ಹೆಸರು ಇದೆಯಾ ನೋಡಿ. ಮೂಲ ಮಲ್ಟಿಟ್ರ್ಯಾಕ್‌ನಿಂದ ಎಂದು ಬರೆದಿದೆಯಾ ನೋಡಿ. ಕಷ್ಟಪಟ್ಟು ಮಾಡಿದವರು ಅದನ್ನು ಬರೆಯದೆ ಬಿಡುವುದಿಲ್ಲ.

ನಿಮ್ಮ ಹಾಲ್ ಬಗ್ಗೆಯೂ ಎರಡು ಮಾತು. ನಾನು ನೋಡಿದ ಬಹುತೇಕ ಮನೆಗಳಲ್ಲಿ ಸೋಫಾ ಗೋಡೆಗೆ ಒರಗಿರುತ್ತದೆ. ಹಿಂದಿನ ಸ್ಪೀಕರ್ ಟಿವಿಯ ಪಕ್ಕವೋ, ಸಜ್ಜೆಯ ಮೇಲೋ ಇರುತ್ತದೆ. ಸೋಫಾವನ್ನು ಎರಡು ಮೂರು ಅಡಿ ಮುಂದೆ ಎಳೆಯಿರಿ. ನಿಮ್ಮ ಮೂಗಿನ ನೇರ ಸೊನ್ನೆ ಡಿಗ್ರಿ ಎಂದುಕೊಂಡರೆ, ಮುಂದಿನ ಎಡಬಲ ಸ್ಪೀಕರ್ 30 ಡಿಗ್ರಿಯಲ್ಲಿ, ಹಿಂದಿನವು ಸುಮಾರು 110 ಡಿಗ್ರಿಯಲ್ಲಿ ಇರಬೇಕು. ಅಂದರೆ ಭುಜಕ್ಕಿಂತ ಸ್ವಲ್ಪ ಹಿಂದೆ, ಕಿವಿಯ ಎತ್ತರಕ್ಕೆ. ರೆಡ್ ಆಕ್ಸೈಡ್ ನೆಲವೋ ಟೈಲ್ಸೋ ಇದ್ದರೆ ಒಂದು ದಪ್ಪ ಜಮಖಾನ ಹಾಸಿ. ಈ ಬದಲಾವಣೆಗೆ ದುಡ್ಡು ಬೇಡ, ಆದರೆ ಹೊಸ ಸ್ಪೀಕರ್ ತಂದಷ್ಟು ವ್ಯತ್ಯಾಸ ಆಗುತ್ತದೆ.

ಈಗ ನಮ್ಮ ಹಾಡುಗಳಿಗೆ ಬರೋಣ. 1950, 60ರ ದಶಕದ ಬಹುತೇಕ ಕನ್ನಡ ಚಿತ್ರಗೀತೆಗಳು ಮದರಾಸಿನ ಸ್ಟುಡಿಯೊಗಳಲ್ಲಿ ಆದವು. ಗಾಯಕರು, ವಾದ್ಯದವರು ಎಲ್ಲ ಒಟ್ಟಿಗೆ ನಿಂತು, ಕೆಲವೇ ಮೈಕುಗಳ ಮುಂದೆ, ಮೋನೊದಲ್ಲಿ, ಅಂದರೆ ಒಂದೇ ಟ್ರ್ಯಾಕಿನಲ್ಲಿ, ಹಾಡಿದರು. ಅಲ್ಲಿ ಕಬ್ಬಿನ ಹಾಲನ್ನು ಕೊಡದಲ್ಲಿ ಹಿಡಿದಿಡುವ ಹಂತವೇ ಇರಲಿಲ್ಲ. ಹಾಡುತ್ತಿದ್ದ ಹಾಗೇ ಬೆಲ್ಲ. ಯಾರು ಮೈಕಿಗೆ ಎಷ್ಟು ಹತ್ತಿರ ನಿಲ್ಲಬೇಕು ಎಂಬುದೇ ಅವರ ಮಿಕ್ಸಿಂಗ್. ಅದನ್ನು ಹಾಗೇ ಗೌರವಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಳ್ಳೆಯ ರೀಮಾಸ್ಟರ್ ಸಾಕು.

ಮೋನೊದಲ್ಲೂ ಎಷ್ಟು ಕೆಲಸ ಇರುತ್ತದೆ ಎನ್ನುವುದಕ್ಕೆ ಮೈಸೂರಿಗೇ ಸೇರಿದ ಒಂದು ಉದಾಹರಣೆ ಇದೆ. ರಷ್ಯದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಇಳಿವಯಸ್ಸಿನಲ್ಲಿದ್ದಾಗ, ನಮ್ಮ ಜಯಚಾಮರಾಜ ಒಡೆಯರ್ ಅವರು ಹಣ ಕೊಟ್ಟು ಅವರ ಕೃತಿಗಳನ್ನು ಎಚ್‌ಎಂವಿಯಲ್ಲಿ ರೆಕಾರ್ಡ್ ಮಾಡಿಸಿದರು. 1940ರ ದಶಕದ ಕೊನೆಯ ವರ್ಷಗಳ ಮಾತು. ಮೂರು ಪಿಯಾನೊ ಕಾನ್ಸರ್ಟೊಗಳನ್ನು ಫಿಲ್ಹಾರ್ಮೋನಿಯಾ ವಾದ್ಯವೃಂದದ ಜೊತೆ ಮೆಟ್ನರ್ ಅವರೇ ನುಡಿಸಿದರು. ಮೂರನೆಯದನ್ನು ಒಡೆಯರ್ ಅವರಿಗೇ ಅರ್ಪಿಸಿದ್ದಾರೆ. ಇವೆಲ್ಲ 78 ಆರ್‌ಪಿಎಂ ಪ್ಲೇಟುಗಳಾಗಿ ಬಂದವು. ಒಂದು ಬದಿಗೆ ನಾಲ್ಕು, ಹೆಚ್ಚೆಂದರೆ ಐದು ನಿಮಿಷ. ಆಮೇಲೆ ಸಿಡಿ ಮಾಡುವಾಗ ಒಂದೊಂದು ಬದಿಯನ್ನೂ ಇನ್ನೊಂದಕ್ಕೆ ಹೊಲಿಗೆ ಕಾಣದ ಹಾಗೆ ಜೋಡಿಸಬೇಕು. ಒಂದು ಬದಿಯ ಶ್ರುತಿ ಕೂದಲೆಳೆ ಏರಿದ್ದರೂ ಜೋಡಣೆಯಲ್ಲಿ ಗೊತ್ತಾಗುತ್ತದೆ. ಅದನ್ನು ಯಾರಾದರೂ 5.1 ಮಾಡುತ್ತೇವೆ ಎಂದು ಬಂದರೆ ನಾನು ಬೇಡ ಎನ್ನುತ್ತೇನೆ.

ಭಾವಗೀತೆಗಳ ವಿಷಯ ನನಗೆ ಹೆಚ್ಚು ಸಂಕಟದ್ದು. 1980ರ ದಶಕದ ಹೊತ್ತಿಗೆ ಮಲ್ಟಿಟ್ರ್ಯಾಕ್ ಯಂತ್ರಗಳು ನಮ್ಮ ಕಡೆಗೂ ಬಂದಿದ್ದವು. ಆದರೆ ಎರಡು ಇಂಚಿನ ಟೇಪು ಬಹಳ ದುಬಾರಿ. ನಾನು ಕೆಲಸ ಕಲಿತ ಸ್ಟುಡಿಯೊದಲ್ಲಿ ಮಿಕ್ಸ್ ಮುಗಿದ ಮೇಲೆ ಅದೇ ಟೇಪನ್ನು ಅಳಿಸಿ ಮುಂದಿನ ಹಾಡಿಗೆ ಬಳಸುತ್ತಿದ್ದೆವು. ನಾನೇ ಅಳಿಸಿದ್ದೇನೆ. ಮುಂದೊಂದು ದಿನ ಯಾರಾದರೂ ಕೊಳಲನ್ನು ಮಾತ್ರ ಬೇರೆಯಾಗಿ ಕೇಳಲು ಬಯಸುತ್ತಾರೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಕೆಲವು ಟೇಪುಗಳು ಎಲ್ಲೋ ಗೋದಾಮಿನಲ್ಲಿ, ನಿರ್ಮಾಪಕರ ಮನೆಯಲ್ಲಿ ಉಳಿದಿರಲೂಬಹುದು. ಅವು ಸಿಕ್ಕರೆ ಕನ್ನಡದಲ್ಲೂ ಒಳ್ಳೆಯ ಸರೌಂಡ್ ಆಲ್ಬಮ್ ಖಂಡಿತ ಆಗುತ್ತದೆ.

ನಿಮ್ಮ ತಂದೆಯವರ ಕ್ಯಾಸೆಟ್‌ಗಳನ್ನು ಸರೌಂಡ್ ಮಾಡಿಸಲು ಎಲ್ಲಿಗೂ ಕೊಡಬೇಡಿ. ಸ್ಟೀರಿಯೊದಲ್ಲೇ ಕಂಪ್ಯೂಟರಿಗೆ ಚೆನ್ನಾಗಿ ಇಳಿಸಿಕೊಳ್ಳಿ. ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿಯಿಂದ ಒರೆಸಿ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿಸಿ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ದನಿ ಅತಿ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಿ. ಪ್ರತಿ ಕ್ಯಾಸೆಟ್ಟಿಗೂ ಅದು ಬೇರೆ ಇರುತ್ತದೆ. 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ಹಿಡಿಯಿರಿ. ಹಿಸ್ ತೆಗೆಯುವ ಬಟನ್ ಮುಟ್ಟಬೇಡಿ, ಅದನ್ನು ಬೇಕಾದಾಗ ಆಮೇಲೆ ಮಾಡಬಹುದು. ಎರಡು ಬೇರೆ ಡಿಸ್ಕ್‌ಗಳಲ್ಲಿ ಪ್ರತಿ ಇಡಿ, ಒಂದನ್ನು ಬೇರೆ ಮನೆಯಲ್ಲಿ.

ಆ ಪೆಟ್ಟಿಗೆಯಲ್ಲಿ ಕ್ಯಾಸೆಟ್ಟಿನ ಜೊತೆ ದೊಡ್ಡ ಸ್ಪೂಲ್ ಏನಾದರೂ ಸಿಕ್ಕರೆ ಯಾವ ಯಂತ್ರಕ್ಕೂ ಹಾಕಬೇಡಿ. ಡಬ್ಬದ ಮೇಲಿನ ಬರಹ, ಟೇಪಿನ ಅಗಲ, ಒಳಗೆ ಮಡಿಸಿಟ್ಟ ಚೀಟಿ ಇದ್ದರೆ ಅದರ ಫೋಟೊ, ಇಷ್ಟು ನನಗೆ ಕಳಿಸಿ. ಅಗಲ ಕಾಲು ಇಂಚು ಇದ್ದರೆ ಬಹುಶಃ ಸ್ಟೀರಿಯೊ ಅಥವಾ ಮೋನೊ. ಒಂದೋ ಎರಡೋ ಇಂಚು ಇದ್ದರೆ ತಕ್ಷಣ ತಿಳಿಸಿ, ನಾನೇ ಮಂಡ್ಯಕ್ಕೆ ಬರುತ್ತೇನೆ.